ಕೆರೆ ಏರಿ ಹಿಂದಿನ ಕಲ್ಲು: ಊರಿಗೆಲ್ಲ ಹೇಳಲೋ, ಸುಮ್ಮನಿರಲೋ?

ಪ್ರಶ್ನೆ: ನಮ್ಮದು ಶಿಕಾರಿಪುರ ತಾಲ್ಲೂಕಿನ ಒಂದು ಸಣ್ಣ ಊರು. ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ. ಈ ಸಲ ದೀಪಾವಳಿಗೆ ಹೋದಾಗ ತಪ್ಪಿಸಿಕೊಂಡ ಎಮ್ಮೆ ಹುಡುಕುತ್ತಾ ಕೆರೆ ಏರಿ ಹಿಂದೆ ಹೋದೆ. ಲಂಟಾನ ಪೊದೆಯೊಳಗೆ ಎದೆಮಟ್ಟದ ಒಂದು ಕಲ್ಲು ಕಂಡಿತು. ಮೂರು ಹಂತದಲ್ಲಿ ಚಿತ್ರ ಕೆತ್ತಿದ್ದಾರೆ. ಕೆಳಗೆ ಬಿಲ್ಲು ಹಿಡಿದವನು, ಅವನ ಪಕ್ಕ ದನಗಳು. ತುದಿಯಲ್ಲಿ ಸೂರ್ಯ, ಚಂದ್ರ. ಹಂತಗಳ ನಡುವಿನ ಪಟ್ಟಿಯಲ್ಲಿ ಹಳೆಯ ಅಕ್ಷರಗಳಿವೆ. ಇಪ್ಪತ್ತು ಹೆಜ್ಜೆ ಆಚೆ ಹೂಳು ತುಂಬಿದ ಕಲ್ಯಾಣಿ ಇದೆ. ಇಪ್ಪತ್ತೆಂಟು ವರ್ಷ ಅದೇ ಊರಿನವಳಾಗಿದ್ದೂ ನನಗೆ ಗೊತ್ತಿರಲಿಲ್ಲ! ದೊಡ್ಡಪ್ಪ, ‘ಸೂರ್ಯ ಚಂದ್ರ ಇದ್ದರೆ ಅಡಿಯಲ್ಲಿ ನಿಧಿ ಇರುತ್ತೆ, ಬಾಯಿ ಬಿಡಬೇಡ’ ಎನ್ನುತ್ತಾರೆ. ಊರಿನ ಯುವಕರು ಅದನ್ನು ತಂದು ದೇವಸ್ಥಾನದ ಮುಂದೆ ನಿಲ್ಲಿಸಿ ಬಣ್ಣ ಹೊಡೆಯೋಣ ಅನ್ನುತ್ತಿದ್ದಾರೆ. ಗೆಳತಿಗೆ ‘ಯಾರಿಗೂ ಗೊತ್ತಿಲ್ಲದ ಜಾಗ’ ಅಂತ ರೀಲ್ಸ್ ಮಾಡುವ ಆಸೆ. ನಾನೇನು ಮಾಡಲಿ?

ಉತ್ತರ: ನಿಮ್ಮ ಪತ್ರ ಓದಿ ಸಂತೋಷವಾಯಿತು. ಕಲ್ಲು ಕಂಡಿದ್ದಕ್ಕಿಂತ ಹೆಚ್ಚಾಗಿ, ಕಂಡ ಮೇಲೆ ನೀವು ನಿಂತು ಯೋಚಿಸಿದ್ದಕ್ಕೆ. ಶಾಸನಗಳ ಪಡಿಯಚ್ಚು (ಕಾಗದದ ಮೇಲೆ ಅಕ್ಷರಗಳ ಅಚ್ಚು) ತೆಗೆಯುತ್ತಾ ಊರೂರು ತಿರುಗಿದ ನನ್ನ ಅನುಭವದಲ್ಲಿ, ಕಲ್ಲುಗಳು ಹಾಳಾಗುವುದು ಹೆಚ್ಚಾಗಿ ಅವು ಕಣ್ಣಿಗೆ ಬಿದ್ದ ಮೊದಲ ಕೆಲವು ವಾರಗಳಲ್ಲಿ. ಸಾವಿರ ವರ್ಷ ಮಳೆ ಬಿಸಿಲು ತಡೆದ ಕಲ್ಲು ಒಂದು ಭಾನುವಾರದ ಉತ್ಸಾಹ ತಡೆಯುವುದಿಲ್ಲ.

ಮೊದಲು ಆ ‘ಯಾರಿಗೂ ಗೊತ್ತಿಲ್ಲದ ಜಾಗ’ ಎಂಬ ಮಾತನ್ನು ನೋಡೋಣ. ನಾನು ಹೋದ ಊರುಗಳಲ್ಲಿ ಯಾರಿಗೂ ಗೊತ್ತಿಲ್ಲದ ಕಲ್ಲು ಒಂದೂ ಸಿಕ್ಕಿಲ್ಲ. ಮೇಷ್ಟ್ರಿಗೆ, ಪಂಚಾಯಿತಿಯವರಿಗೆ, ಬೆಂಗಳೂರಿಗೆ ಹೋದ ಮಕ್ಕಳಿಗೆ ಗೊತ್ತಿರುವುದಿಲ್ಲ, ನಿಜ. ದನ ಕಾಯುವವರಿಗೆ ಗೊತ್ತಿರುತ್ತದೆ. ಸೌದೆಗೆ ಹೋಗುವ ಹೆಂಗಸರಿಗೆ ಗೊತ್ತಿರುತ್ತದೆ. ಪಕ್ಕದ ಗದ್ದೆಯವರು ವರ್ಷಕ್ಕೊಮ್ಮೆ ಕಾಯಿ ಒಡೆದು ಬರುತ್ತಿರುತ್ತಾರೆ. ಮತ್ತೆ ಹೋದಾಗ ಕಲ್ಲಿನ ಬುಡ ನೋಡಿ. ಒಣಗಿದ ಕಾಯಿಚಿಪ್ಪು, ಎಣ್ಣೆ ಜಿಡ್ಡು, ಕುಂಕುಮದ ಕಲೆ, ಒಡೆದ ಹಣತೆ, ಇದರಲ್ಲಿ ಏನಾದರೂ ಒಂದು ಇದ್ದೇ ಇರುತ್ತದೆ ಎಂಬುದು ನನ್ನ ಊಹೆ. ಇದ್ದರೆ ಆ ದೀಪ ಹಚ್ಚಿದವರನ್ನು ಹುಡುಕಿ, ಅವರ ಹತ್ತಿರ ಕೂತು ಮಾತಾಡಿ. ಆ ಕಲ್ಲಿಗೆ ಅವರು ಏನೆನ್ನುತ್ತಾರೆ? ಯಾವ ದಿನ ಪೂಜೆ? ಹಿಂದೆ ಅದು ಅಲ್ಲೇ ಇತ್ತೋ, ಏರಿ ಕೆಲಸದವರು ತಂದು ನಿಲ್ಲಿಸಿದ್ದೋ? ಈ ಕೊನೆಯ ಪ್ರಶ್ನೆಗೆ ಯಾವ ಪುಸ್ತಕದಲ್ಲೂ ಉತ್ತರ ಇರುವುದಿಲ್ಲ. ಎಂಬತ್ತು ದಾಟಿದ ಒಬ್ಬ ಅಜ್ಜಿಯ ನೆನಪಿನಲ್ಲಿ ಮಾತ್ರ ಇರಬಹುದು.

ಪುಸ್ತಕದವರಿಗೂ ಗೊತ್ತಿರಬಹುದು. ಬಿ. ಎಲ್. ರೈಸ್ ಅವರು ಹಳೇ ಮೈಸೂರು ಸಂಸ್ಥಾನವನ್ನೆಲ್ಲ ತಾಲ್ಲೂಕುವಾರು ಹುಡುಕಿಸಿ ‘ಎಪಿಗ್ರಾಫಿಯಾ ಕರ್ನಾಟಿಕಾ’ ಎಂಬ ಶಾಸನಸಂಗ್ರಹದ ಸಂಪುಟಗಳನ್ನು ಹೊರತಂದರು. ನಿಮ್ಮ ಶಿಕಾರಿಪುರ ಬರುವುದು ಏಳನೇ ಸಂಪುಟದಲ್ಲಿ. ಸೊರಬ, ಸಾಗರ ಎಂಟನೆಯದರಲ್ಲಿ. ತಾಲ್ಲೂಕಿನ ಹೆಸರು, ಮುಂದೆ ಒಂದು ಸಂಖ್ಯೆ, ಅದೇ ಆ ಶಾಸನದ ವಿಳಾಸ. ಮೂಲ ಪಾಠ ಕನ್ನಡ ಲಿಪಿಯಲ್ಲೇ ಇದೆ, ಊರಿನ ಹೆಸರು ಹಿಡಿದು ಹುಡುಕಬಹುದು. ನಿಮ್ಮ ಕಲ್ಲು ಅಲ್ಲಿ ಸಿಕ್ಕರೆ ನಿರಾಶೆ ಬೇಡ. ಪುಸ್ತಕದಲ್ಲಿ ದಾಖಲಾಗಿ, ನೆಲದ ಮೇಲೆ ಕಾಣೆಯಾದ ಕಲ್ಲುಗಳು ಬೇಕಾದಷ್ಟಿವೆ. ಅದು ಇನ್ನೂ ಅಲ್ಲೇ ನಿಂತಿದೆ ಎಂಬುದೇ ದೊಡ್ಡ ಸುದ್ದಿ. ಸಿಗದಿದ್ದರೂ ಆಶ್ಚರ್ಯವಿಲ್ಲ. ನಿಮ್ಮದೇ ತಾಲ್ಲೂಕಿನ ತಾಳಗುಂದವನ್ನು ನೋಡಿ. ಅಲ್ಲಿನ ಕದಂಬರ ಸ್ತಂಭಶಾಸನವನ್ನು ವಿದ್ವಾಂಸರು ನೂರು ವರ್ಷಕ್ಕೂ ಹಿಂದೆಯೇ ಓದಿ ಚರ್ಚಿಸಿದ್ದರು. ಹಾಗಿದ್ದೂ ಅದೇ ಪ್ರಣವೇಶ್ವರ ಗುಡಿಯ ಆವರಣದಲ್ಲಿ ಸಿಂಹಕಟಾಂಜನದ (ಮೆಟ್ಟಿಲ ಪಕ್ಕದ ಸಿಂಹ ಕೆತ್ತಿದ ಕೈಪಿಡಿಗಲ್ಲಿನ) ಮೇಲಿನ ಬರಹ ಬೆಳಕಿಗೆ ಬಂದದ್ದು 2013ರಲ್ಲಿ.

ಈಗ ಕಲ್ಲಿನ ವಿಷಯ. ನಿಮ್ಮ ವಿವರಣೆಯ ಪ್ರಕಾರ ಅದು ವೀರಗಲ್ಲು. ಓದುವುದು ಕೆಳಗಿನಿಂದ ಮೇಲಕ್ಕೆ. ಕೆಳಗಿನ ಹಂತದಲ್ಲಿ ಹೋರಾಟ. ನಡುವೆ ಸತ್ತ ವೀರನನ್ನು ಅಪ್ಸರೆಯರು ಎರಡೂ ಕಡೆಯಿಂದ ಹಿಡಿದು ಮೇಲಕ್ಕೊಯ್ಯುವುದು. ಮೇಲಿನ ಹಂತದಲ್ಲಿ ಅವನು ದೇವರ ಸನ್ನಿಧಿಯಲ್ಲಿ ಕೂತಿರುವುದು. ಅಲ್ಲಿ ಲಿಂಗವಿದ್ದರೆ ಶೈವ, ಜಿನಬಿಂಬವಿದ್ದರೆ ಜೈನ. ಪಕ್ಕದಲ್ಲಿ ದನಗಳಿವೆ ಎಂದಿರಿ. ಹಾಗಾದರೆ ಅದು ‘ತುಱುಗೊಳ್’ ಪ್ರಸಂಗ. ತುಱು ಎಂದರೆ ದನ. ಶತ್ರುಗಳು ಊರ ದನ ಹೊಡೆದುಕೊಂಡು ಹೋದಾಗ ಅಡ್ಡ ನಿಂತು ಬಿಡಿಸಿ ತಂದು, ಆ ಹೋರಾಟದಲ್ಲೇ ಸತ್ತವನ ಕಲ್ಲು. ಅವನು ಅರಸನೇ ಆಗಿರಬೇಕಿಲ್ಲ. ಎಷ್ಟೋ ಸಲ ಊರ ಗಾವುಂಡನ (ಮುಖ್ಯಸ್ಥನ) ಮಗ ಅಥವಾ ದನ ಕಾಯುವವನೇ ಆಗಿರುತ್ತಾನೆ. ನೀವೂ ಅಲ್ಲಿಗೆ ಹೋದದ್ದು ಎಮ್ಮೆ ಹುಡುಕುತ್ತಾ ಎಂಬುದು ನನಗೆ ಬಹಳ ಹಿಡಿಸಿತು.

ಹೀಗೆ ಸತ್ತವರ ನೆನಪನ್ನು ನಮ್ಮವರು ಎಷ್ಟು ಕಾಳಜಿಯಿಂದ ಕಾದಿಟ್ಟರು ಎನ್ನುವುದಕ್ಕೆ ಆತಕೂರಿನ ಕಲ್ಲು ಸಾಕು. ಹತ್ತನೇ ಶತಮಾನದ್ದು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಾಳಿ ಎಂಬ ನಾಯಿ ಕಾಡುಹಂದಿಯ ಮೇಲೆ ಬಿದ್ದು, ಎರಡೂ ಸತ್ತವು. ಆ ನಾಯಿಗಾಗಿ ಕಲ್ಲು ನಿಲ್ಲಿಸಿ, ಪೂಜೆ ನಡೆಯಲೆಂದು ಭೂಮಿ ಬಿಟ್ಟರು. ನಿಮ್ಮ ತಾಲ್ಲೂಕಿನ ಬಂದಳಿಕೆಯ ಒಂದು ಶಾಸನದಲ್ಲಿ ಜಕ್ಕಿಯಬ್ಬೆ ಬರುತ್ತಾಳೆ. ಹತ್ತನೇ ಶತಮಾನದ ಆರಂಭದಲ್ಲಿ, ಗಂಡ ಸತ್ತ ಮೇಲೆ ನಾಗರಖಂಡ ಎಪ್ಪತ್ತು ಎಂಬ ಸೀಮೆಯ ಆಡಳಿತವನ್ನು ವಹಿಸಿಕೊಂಡು ನಡೆಸಿ, ಕೊನೆಗೆ ಬಂದಳಿಕೆಯಲ್ಲೇ ಸಲ್ಲೇಖನ ವ್ರತ ಹಿಡಿದು, ಉಪವಾಸವಿದ್ದು ದೇಹ ಬಿಟ್ಟವಳು. ಕಲ್ಲು ಉಳಿಯದಿದ್ದರೆ ಅವಳ ಹೆಸರೂ ನಮಗೆ ಉಳಿಯುತ್ತಿರಲಿಲ್ಲ. ನಿಮ್ಮ ಕಲ್ಲಿನ ಪಟ್ಟಿಯಲ್ಲೂ ಒಂದು ಹೆಸರು ಕಾದು ಕೂತಿರಬಹುದು.

ಅದನ್ನು ನೋಡುವ ಬಗೆ ಹೇಳುತ್ತೇನೆ, ಇಲ್ಲೇ ಎಲ್ಲರೂ ತಪ್ಪುವುದು. ಅಕ್ಷರ ಎದ್ದು ಕಾಣಲಿ ಎಂದು ಸೀಮೆಸುಣ್ಣ ಉಜ್ಜಬೇಡಿ, ಮೈದಾಹಿಟ್ಟು ಬಳಿಯಬೇಡಿ, ಮೊಳೆಯಿಂದ ಮಣ್ಣು ಕೆರೆಯಬೇಡಿ. ಸೀಮೆಸುಣ್ಣದಲ್ಲಿ ತಿದ್ದಿದ ಫೋಟೋ ನನಗೆ ಕಳಿಸಿದರೆ ನಾನು ಓದುವುದು ನೀವು ತಿದ್ದಿದ ಅಕ್ಷರವನ್ನು, ಕೆತ್ತಿದವನದ್ದನ್ನಲ್ಲ. ನಿಮ್ಮ ಕಡೆ ಹೆಚ್ಚಿನ ಶಾಸನಗಳು ಬಳಪದ ಕಲ್ಲಿನವು. ನಯವಾಗಿ ಕೆತ್ತಲು ಬಂದದ್ದೇ ಅದು ಮೆದು ಎಂಬ ಕಾರಣಕ್ಕೆ. ಹಾಗಾಗಿ ತಂತಿ ಬ್ರಷ್ಷಿನಲ್ಲಿ ನಾಲ್ಕು ಸಲ ತಿಕ್ಕಿದರೆ ಅಂಚು ಸವೆದುಹೋಗುತ್ತದೆ. ಬರೀ ನೀರು, ತೆಂಗಿನ ನಾರಿಗಿಂತಲೂ ಮೆದುವಾದ ಬ್ರಷ್, ಅಷ್ಟೇ. ಹಾವಸೆ ಬಿಡದಿದ್ದರೆ ಬಿಟ್ಟುಬಿಡಿ.

ಆಮೇಲೆ ಬೆಳಕು. ಇಳಿಸಂಜೆ ಕಳೆದ ಮೇಲೆ ಇಬ್ಬರು ಮೂವರು ಜೊತೆಯಾಗಿ, ಕಾಲಿಗೆ ಗಂಬೂಟು ಹಾಕಿಕೊಂಡು ಹೋಗಿ. ಪೊದೆಯಲ್ಲಿ ಹಾವಿರುತ್ತವೆ. ಟಾರ್ಚನ್ನು ಕಲ್ಲಿನ ಎದುರಿಗೆ ಹಿಡಿದರೆ ಏನೂ ಕಾಣದು, ಎಲ್ಲ ಒಂದೇ ಬೂದು. ಟಾರ್ಚನ್ನು ಕಲ್ಲಿನ ಎಡ ಅಂಚಿಗೆ ತನ್ನಿ, ಬೆಳಕು ಕಲ್ಲಿನ ಮೈ ಸವರಿಕೊಂಡು ಬಲಕ್ಕೆ ಹರಿಯುವಂತೆ ಓರೆಯಾಗಿ ಹಿಡಿಯಿರಿ. ಅಷ್ಟು ಹೊತ್ತು ಸವೆದ ಗೀರಿನಂತಿದ್ದುದಕ್ಕೆ ನೆರಳು ತುಂಬುತ್ತದೆ. ಮೊದಲು ಒಂದು ‘ಸ್ವ’, ಪಕ್ಕದಲ್ಲಿ ‘ಸ್ತಿ’, ಆಮೇಲೆ ‘ಶ್ರೀ’. ಹೆಚ್ಚಿನ ಕಲ್ಲುಗಳು ಆರಂಭವಾಗುವುದೇ ‘ಸ್ವಸ್ತಿ ಶ್ರೀ’ಯಿಂದ. ಟಾರ್ಚನ್ನು ಬಲಕ್ಕೆ, ಮೇಲಕ್ಕೆ ಬದಲಿಸುತ್ತಾ ಪ್ರತಿ ಸಲವೂ ಫೋಟೋ ತೆಗೆಯಿರಿ. ಎಡದ ಬೆಳಕಿಗೆ ಕಾಣದ ಒತ್ತಕ್ಷರ ಮೇಲಿನ ಬೆಳಕಿಗೆ ಕಾಣುತ್ತದೆ. ಇದು ಎಷ್ಟು ಸಲ ಮಾಡಿದರೂ ನನಗೆ ಮೈ ಜುಮ್ಮೆನ್ನುವ ಕೆಲಸ.

‘ಸಮಸ್ತಭುವನಾಶ್ರಯ ಶ್ರೀಪೃಥ್ವೀವಲ್ಲಭ ಮಹಾರಾಜಾಧಿರಾಜ’ ಎಂಬ ಬಿರುದಾವಳಿ ಕಂಡರೆ ಕಲ್ಯಾಣ ಚಾಲುಕ್ಯರ ಕಾಲವಿರಬಹುದು. ಶಕವರ್ಷದ ಸಂಖ್ಯೆ ಸಿಕ್ಕರೆ ಅದಕ್ಕೆ 78 ಕೂಡಿಸಿ, ಹೆಚ್ಚುಕಮ್ಮಿ ಇಸವಿ ಸಿಗುತ್ತದೆ. ಕೆಲವು ಕಡೆ ‘ಚಾಲುಕ್ಯ ವಿಕ್ರಮ ವರ್ಷ’ ಎಂದಿರುತ್ತದೆ. ಅದು ಆರನೆಯ ವಿಕ್ರಮಾದಿತ್ಯ 1076ರಲ್ಲಿ ಶುರುಮಾಡಿದ ಎಣಿಕೆ. ‘ಬನವಾಸಿ ಪನ್ನಿರ್ಚ್ಛಾಸಿರ’ (ಹನ್ನೆರಡು ಸಾವಿರ), ‘ನಾಗರಖಂಡ ಎಪ್ಪತ್ತು’, ‘ಜಿಡ್ಡುಳಿಗೆ ಎಪ್ಪತ್ತು’ ಇವು ಅಂದಿನ ಆಡಳಿತ ವಿಭಾಗಗಳ ಹೆಸರು. ಅದರ ಹಿಂದೆ ಮುಂದೆಯೇ ನಿಮ್ಮ ಊರಿನ ಹಳೆಯ ಹೆಸರು ಇರುವ ಸಾಧ್ಯತೆ ಹೆಚ್ಚು. ಪೂರ್ತಿ ಓದುವುದು ಬಲ್ಲವರ ಕೆಲಸ. ಊರಿನ ಹೆಸರು ಹುಡುಕುವುದು ಮಾತ್ರ ನಿಮ್ಮ ಕೈಲಾಗುತ್ತದೆ.

ದೊಡ್ಡಪ್ಪನವರ ಮಾತಿಗೆ ಬರುತ್ತೇನೆ. ಅವರನ್ನು ಹೀಗಳೆಯಬೇಡಿ, ಆ ನಂಬಿಕೆ ರಾಜ್ಯದ ಉದ್ದಗಲಕ್ಕೂ ಇದೆ. ಯುದ್ಧ, ದರೋಡೆಯ ಭಯದಲ್ಲಿ ಜನ ನಾಣ್ಯ ಹೂತಿಟ್ಟದ್ದುಂಟು. ಗುಡಿ ಕಟ್ಟುವಾಗ ಗರ್ಭನ್ಯಾಸ ಎಂದು ಧಾನ್ಯ, ಲೋಹದ ಚೂರು, ಹರಳುಗಳನ್ನು ತಳದಲ್ಲಿಡುವ ಪದ್ಧತಿಯೂ ಇತ್ತು. ಈ ಎರಡು ನಿಜಗಳು ಬೆರೆತು, ಕೆತ್ತಿದ ಕಲ್ಲೆಂದರೆ ಕೆಳಗೆ ಕೊಪ್ಪರಿಗೆ ಎಂಬ ಕತೆ ಹುಟ್ಟಿರಬೇಕು. ಆದರೆ ಸೂರ್ಯ ಚಂದ್ರರ ಅರ್ಥ ಕಲ್ಲುಗಳಲ್ಲೇ ಬರೆದಿದೆ: ‘ಆಚಂದ್ರಾರ್ಕ’, ಚಂದ್ರ ಸೂರ್ಯರು ಇರುವವರೆಗೂ ಈ ಕೀರ್ತಿ, ಈ ದತ್ತಿ ನಡೆಯಲಿ ಎಂದು. ಹಸು ಕರು ಇದ್ದರೆ ದಾನ. ಇವು ಗುಪ್ತ ಸಂಕೇತಗಳಲ್ಲ, ಅಕ್ಷರ ಬಾರದವರಿಗೂ ತಿಳಿಯಲೆಂದು ಕೆತ್ತಿದ ಚಿತ್ರಗಳು. ಹಾವು ಕಾಯುತ್ತದೆ ಎನ್ನುತ್ತಾರಲ್ಲ, ಕಲ್ಲಿನ ಬುಡ ತಂಪು, ಅಲ್ಲಿ ಇಲಿ ಇರುತ್ತದೆ, ಇಲಿಗಾಗಿ ಹಾವು ಬರುತ್ತದೆ. ನಾನು ನೋಡಿದ ವೀರಗಲ್ಲುಗಳ ಬುಡದಲ್ಲಿ ಇದ್ದದ್ದು ಮಣ್ಣು, ಕಲ್ಲು ಕದಲದಿರಲೆಂದು ತುಂಬಿದ ಚೂರುಕಲ್ಲು.

ದೊಡ್ಡಪ್ಪನವರಿಗೆ ಮಸ್ಕಿಯ ಕತೆ ಹೇಳಿ. ರಾಯಚೂರು ಜಿಲ್ಲೆಯ ಆ ಬೆಟ್ಟದಲ್ಲಿ 1915ರಲ್ಲಿ ಒಬ್ಬ ಗಣಿ ಎಂಜಿನಿಯರ್ ಚಿನ್ನದ ಅದಿರು ಹುಡುಕುತ್ತಿದ್ದರು. ಅವರ ಕಣ್ಣಿಗೆ ಬಿದ್ದದ್ದು ಬಂಡೆಯ ಮೇಲಿನ ಬರಹ. ಅಲ್ಲಿಯವರೆಗೆ ಸಿಕ್ಕ ಬರಹಗಳಲ್ಲಿ ‘ದೇವಾನಾಂಪ್ರಿಯ’ ಎಂಬಂಥ ಬಿರುದಿನಿಂದಷ್ಟೇ ಹೇಳಿಕೊಂಡಿದ್ದ ಅರಸನ ಹೆಸರು ‘ಅಶೋಕ’ ಎಂದು ಬಂಡೆಯ ಮೇಲೆ ಮೊದಲು ಓದಲು ಸಿಕ್ಕಿದ್ದು ಅಲ್ಲಿ. ಇನ್ನು ಕಾನೂನಿನ ಮಾತು. 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಶಿಲ್ಪ, ಶಾಸನಗಳು ಪ್ರಾಚ್ಯವಸ್ತುಗಳು. ನೆಲದಲ್ಲಿ ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಲೇಬೇಕು, 1962ರಿಂದಲೇ ರಾಜ್ಯದಲ್ಲಿ ಅದಕ್ಕೆ ಕಾಯ್ದೆಯಿದೆ. ಕದ್ದು ಅಗೆದವರಿಗೆ ಪೊಲೀಸ್ ಠಾಣೆಯೇ ಗತಿ. ಅಗೆದ ಮರುದಿನ ಮಳೆ ಬಂದರೆ ಕಲ್ಲು ಅಡ್ಡ ಬೀಳುತ್ತದೆ, ಬಿದ್ದದ್ದು ಎರಡು ತುಂಡಾಗುತ್ತದೆ. ಅಂಥ ತುಂಡುಗಳನ್ನು ಜೋಡಿಸಿ ಪಡಿಯಚ್ಚು ತೆಗೆಯುವಾಗ, ಒಡೆದ ಗೆರೆ ಸರಿಯಾಗಿ ವೀರನ ಹೆಸರಿನ ಮೇಲೆಯೇ ಹಾದುಹೋಗಿದ್ದನ್ನು ಕಂಡು ನನಗೆ ಕಣ್ಣೀರು ಬಂದದ್ದುಂಟು.

ಯುವಕರದು ಒಳ್ಳೆಯ ಮನಸ್ಸು. ಆದರೂ ನನ್ನ ಸಲಹೆ, ಕಲ್ಲು ಅಲ್ಲೇ ಇರಲಿ. ವೀರಗಲ್ಲು ನಿಂತ ಜಾಗವೇ ಅರ್ಧ ಮಾಹಿತಿ. ಸುತ್ತ ಐವತ್ತು ಹೆಜ್ಜೆ ನಡೆದು ನೋಡಿ. ಮಡಕೆ ಚೂರು, ಇಟ್ಟಿಗೆ ತುಂಡು, ಬೀಸುವ ಕಲ್ಲಿನ ಹೋಳು ಸಿಕ್ಕರೆ ಹಳೆಯ ಊರು ಇದ್ದದ್ದು ಅಲ್ಲೇ ಇರಬಹುದು. ಕಂದಾಯ ದಾಖಲೆಯಲ್ಲಿ ಬೇಚರಾಕ್ (ಜನವಸತಿ ಇಲ್ಲದ) ಗ್ರಾಮ ಎಂದು ಒಂದು ಹೆಸರಾದರೂ ಉಳಿದಿರಬಹುದು, ಗ್ರಾಮ ಆಡಳಿತಾಧಿಕಾರಿಯನ್ನು ಕೇಳಿ. ಕಲ್ಲನ್ನು ದೇವಸ್ಥಾನಕ್ಕೆ ತಂದ ದಿನ ಈ ಸುಳಿವು ಅಳಿಸಿಹೋಗುತ್ತದೆ. ಜೆಸಿಬಿ ಸರಪಳಿ ಬಿಗಿದ ಕಡೆ ಅಂಚು ಚಕ್ಕೆ ಏಳುತ್ತದೆ. ತಂದು ಸಿಮೆಂಟಿನಲ್ಲಿ ಹೂತಾಗ ಕೆಳಗಿನ ಸಾಲು ಒಳಗೆ ಸೇರುತ್ತದೆ. ಕಲ್ಲು ಹಾಕಿಸಿದವರು ಯಾರು, ಕೆತ್ತಿದ ರೂವಾರಿ ಯಾರು ಎಂಬುದು ಎಷ್ಟೋ ಸಲ ಇರುವುದು ಆ ಕೊನೆಯ ಸಾಲಿನಲ್ಲೇ. ಬಣ್ಣವಂತೂ ಬೇಡವೇ ಬೇಡ. ಒಂದೂರಿನಲ್ಲಿ ಭಕ್ತಿಯಿಂದ ಬೆಳ್ಳಿ ಬಣ್ಣ, ಕೆಂಪು ಎನಾಮಲ್ ಹೊಡೆದಿದ್ದರು. ಕೆಲವು ವರ್ಷ ಬಿಟ್ಟು ಹೋದಾಗ ಬಣ್ಣ ಹಪ್ಪಳದಂತೆ ಎದ್ದಿತ್ತು. ಬೆರಳಲ್ಲಿ ಮುಟ್ಟಿದೆ, ಬಣ್ಣದ ಜೊತೆ ಕಲ್ಲಿನ ಸಿಪ್ಪೆಯೂ ಬಂತು. ಹಿಂಬದಿಯಲ್ಲಿ ಅಂಗುಲದಷ್ಟು ಅಗಲದ ಅಕ್ಷರದ ತಲೆಕಟ್ಟು ಅಂಟಿಕೊಂಡಿತ್ತು. ಒಳಗಿನ ತೇವ ಹೊರಹೋಗಲು ದಾರಿಯಿಲ್ಲದೆ ಹೀಗಾಗುತ್ತದೆ. ಪೂಜೆ ನಡೆಯುತ್ತಿದ್ದರೆ ನಿಲ್ಲಿಸಬೇಕಿಲ್ಲ. ಎಣ್ಣೆ ಕುಂಕುಮವನ್ನು ಬುಡದಲ್ಲಿ ಒಂದು ಚಪ್ಪಡಿಯಿಟ್ಟು ಅದರ ಮೇಲೆ ಹಾಕಿ, ಅಕ್ಷರದ ಮೇಲೆ ಬೇಡ ಎಂದು ವಿನಯದಿಂದ ಕೇಳಿಕೊಂಡರೆ ಯಾರೂ ಇಲ್ಲ ಎನ್ನುವುದಿಲ್ಲ. ಇನ್ನೊಂದು ಮಾತು: ಲಂಟಾನಕ್ಕೆ ಬೆಂಕಿ ಹಾಕಬೇಡಿ, ಕತ್ತಿಯಲ್ಲಿ ಸವರಿ. ಬೆಂಕಿಯ ಕಾವಿಗೆ ಕಲ್ಲಿನ ಮೇಲ್ಮೈ ಸಿಡಿಯುತ್ತದೆ.

ಏರಿ ದುರಸ್ತಿಗೋ ರಸ್ತೆಗೋ ಜೆಸಿಬಿ ಬರುವುದು ಖಚಿತವಾದರೆ ಮಾತು ಬೇರೆ. ಆಗ ಸಾಗಿಸುವುದೇ ಮೇಲು. ಆದರೆ ಮೊದಲು ನಿಂತ ಜಾಗದ, ಮುಖ ಮಾಡಿದ ದಿಕ್ಕಿನ ಫೋಟೋ ಮತ್ತು ಅಳತೆ ಆಗಬೇಕು, ಪಂಚಾಯಿತಿ ಮತ್ತು ಪುರಾತತ್ವ ಇಲಾಖೆಗೆ ಲಿಖಿತವಾಗಿ ತಿಳಿಸಬೇಕು, ನಿಲ್ಲಿಸುವಾಗ ಸುಣ್ಣ ಮರಳು ಬಳಸಬೇಕು. ಶಿವಮೊಗ್ಗದ ಶಿವಪ್ಪನಾಯಕ ಅರಮನೆಯ ವಸ್ತುಸಂಗ್ರಹಾಲಯದಲ್ಲಿ ಇಂಥ ಕಲ್ಲುಗಳನ್ನು ಇಟ್ಟಿದ್ದಾರೆ, ಒಮ್ಮೆ ನೋಡಿ ಬನ್ನಿ. ಅಲ್ಲಿ ಕಲ್ಲು ಕ್ಷೇಮವಾಗಿರುತ್ತದೆ. ಊರಿನವರ ಕೈಗೆ ಸಿಗುವುದಿಲ್ಲ ಎಂಬುದಷ್ಟೇ ಕೊರತೆ. ಜಾಗ ಯಾರದಾದರೂ ಖಾಸಗಿ ಪಹಣಿಯಲ್ಲಿದ್ದರೆ ‘ಸರ್ಕಾರ ಜಮೀನು ಕಿತ್ತುಕೊಳ್ಳುತ್ತೆ’ ಎಂದು ಹೆದರಿ ರಾತ್ರೋರಾತ್ರಿ ಕಲ್ಲು ಉರುಳಿಸುವವರಿದ್ದಾರೆ. ಅವರಿಗೆ ಹೇಳಿ: ಕಲ್ಲು ಇದ್ದ ಮಾತ್ರಕ್ಕೆ ಜಮೀನು ಹೋಗುವುದಿಲ್ಲ. ಸಂರಕ್ಷಿತ ಎಂದು ಘೋಷಿಸಬೇಕಾದರೆ ಅಧಿಸೂಚನೆ ಹೊರಡಿಸಿ ಆಕ್ಷೇಪಣೆ ಕೇಳಬೇಕು. ಸುತ್ತ 100 ಮೀಟರ್ ಕಟ್ಟಡ ನಿಷೇಧ ಎಂಬ ನಿಯಮ ಕೇಂದ್ರದ ಸಂರಕ್ಷಿತ ಸ್ಮಾರಕಗಳದ್ದು, ಹೊಲದ ಬದುವಿನ ಪ್ರತಿ ವೀರಗಲ್ಲಿನದ್ದಲ್ಲ.

ಗೆಳತಿಯ ರೀಲ್ಸ್ ಬಗ್ಗೆ ನನ್ನದು ಎರಡೂ ಕಡೆ ತೂಗುವ ಮನಸ್ಸು. ಯಾರಿಗೂ ಹೇಳದೆ ಬಿಟ್ಟ ಕಲ್ಲುಗಳು ಮೋರಿಯ ಚಪ್ಪಡಿಯಾಗಿ, ಬಟ್ಟೆ ಒಗೆಯುವ ಕಲ್ಲಾಗಿ ಹೋಗಿವೆ. ಹೇಳಿದ ಕಲ್ಲುಗಳ ಸುತ್ತ ನಿಧಿಗಳ್ಳರ ಗುಂಡಿ ಬಿದ್ದಿವೆ. ಹಾಗಾಗಿ ಮುಖ್ಯವಾದದ್ದು ಯಾರಿಗೆ ಮೊದಲು ಎಂಬುದು. ಮೊದಲು ದೀಪ ಹಚ್ಚುವವರಿಗೆ, ಆಮೇಲೆ ಊರಿಗೆ, ಜೊತೆಗೇ ಇಲಾಖೆಗೆ ಅಥವಾ ಹತ್ತಿರದ ಕಾಲೇಜಿನ ಇತಿಹಾಸ ವಿಭಾಗಕ್ಕೆ. ಪಡಿಯಚ್ಚು ತೆಗೆದು ಪಾಠ ಓದಿ ಆದ ಮೇಲೆ ಜಗತ್ತಿಗೆ. ಬೆಂಗಳೂರಿನಲ್ಲಿ ಮಿಥಿಕ್ ಸೊಸೈಟಿ ಎಂಬ ಇತಿಹಾಸ ಸಂಶೋಧನಾ ಸಂಸ್ಥೆಯವರು ನಗರದ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿಡುತ್ತಿದ್ದಾರೆ. ಹಾಗೆ ದಾಖಲಾದ ಕಲ್ಲಿಗೆ ನಾಳೆ ಏನಾದರೂ ಅಕ್ಷರ ಸಾಯುವುದಿಲ್ಲ. ಊರಿನವರಿಗೆ ‘ಇವನು ನಮ್ಮ ಊರಿನ ದನ ಉಳಿಸಲು ಸತ್ತವನು’ ಎಂದು ಹೆಸರು ಸಹಿತ ಗೊತ್ತಾದರೆ, ರಾತ್ರಿ ಗುದ್ದಲಿ ಹಿಡಿದು ಬಂದವನನ್ನು ಅವರೇ ತಡೆಯುತ್ತಾರೆ. ಆ ಬಳಿಕ ಗೆಳತಿ ಧಾರಾಳವಾಗಿ ರೀಲ್ಸ್ ಮಾಡಲಿ, ಕಲ್ಲಿನ ಕತೆ ಹೇಳಲಿ. ಲೊಕೇಶನ್ ಪಿನ್ ಮಾತ್ರ ಹಾಕುವುದು ಬೇಡ.

ಕಲ್ಯಾಣಿಗೆ ಅವಸರದಲ್ಲಿ ಕೈ ಹಾಕಬೇಡಿ. ಹೂಳಿನ ಮೇಲ್ಪದರ ಗಟ್ಟಿಯಾಗಿ ಕಂಡರೂ ಒಳಗೆ ಕೆಸರಿರುತ್ತದೆ, ಇಳಿದವರು ಸೊಂಟದವರೆಗೆ ಹೂತು ಹೋದದ್ದಿದೆ. ಬೇಸಿಗೆಯ ಕೊನೆಯಲ್ಲಿ ಸಲಿಕೆ ಬುಟ್ಟಿಯಲ್ಲೇ ಹೂಳು ತೆಗೆಯಬೇಕು. ಜೆಸಿಬಿ ಇಳಿಸಿದರೆ ಮೆಟ್ಟಿಲು ಕಿತ್ತು ಬರುತ್ತವೆ. ಹೂಳಿನಲ್ಲಿ ವಿಗ್ರಹದ ತುಂಡು ಸಿಗಬಹುದು, ಕೆಲಸ ನಿಲ್ಲಿಸಿ ತಿಳಿಸಿ. ನೀರು ಒಳಬರುವ ಕಾಲುವೆ ಎಲ್ಲಿ ಮುಚ್ಚಿದೆ ಎಂದು ಹುಡುಕಿ ಬಿಡಿಸದೆ ಬರೀ ಹೂಳೆತ್ತಿದರೆ, ನಿಂತ ಮಳೆನೀರಿನಲ್ಲಿ ಸೊಳ್ಳೆಯಷ್ಟೇ ಆಗುತ್ತದೆ.

ಸದ್ಯಕ್ಕೆ ಟಾರ್ಚ್ ಬೆಳಕಿನ ಫೋಟೋಗಳನ್ನು ಕಳಿಸಿ. ಪ್ರತಿ ಪಟ್ಟಿಯದ್ದೂ ಎಡದಿಂದ ಬಲಕ್ಕೆ, ಒಂದರ ಮೇಲೊಂದು ಸ್ವಲ್ಪ ಬರುವಂತೆ ತೆಗೆಯಿರಿ, ಪಕ್ಕದಲ್ಲಿ ಶಾಲೆಯ ಮಕ್ಕಳ ಒಂದು ಸ್ಕೇಲ್ ಇಡಿ. ಬುಡದ ಮಣ್ಣು ಸರಿಸಬೇಡಿ, ಕೆಳಗಿನ ಸಾಲನ್ನು ನಾವು ಬಂದಾಗ ನೋಡೋಣ. ಜೊತೆಗೆ ಆ ಅಜ್ಜಿ ಕಲ್ಲಿಗೆ ಏನೆಂದು ಕರೆಯುತ್ತಾರೆ ಎಂಬುದನ್ನೂ, ಅವರ ಬಾಯಲ್ಲಿ ಬಂದ ಹಾಗೆಯೇ ಬರೆದು ಕಳಿಸಿ.